ನನ್ನ ಕಣ್ಣಿನ ಹನಿ, ಮಾವನ ಮನೆಯ ಪಂಕ್ತಿ

ಬೇರೆಲ್ಲಿ ನೋವಾದರೂ ಮುಚ್ಚಿಟ್ಟುಕೊಳ್ಳಬಹುದು; ಕಣ್ಣು ಕೆಂಪಾದರೆ ಊರಿಗೆ ಊರೇ ಡಾಕ್ಟರಾಗುತ್ತದೆ. ದೇವದುರ್ಗದಲ್ಲಿ ಮೇಷ್ಟ್ರಾದ ನನಗೂ ಇದು ತಪ್ಪಲಿಲ್ಲ.

೧. ಸೀಟು

ಎಡಗಣ್ಣು ಕೆಂಡವಾದ ದಿನ ರಾಯಚೂರು ಬಸ್ಸು ಹತ್ತಿದೆ. ಯಾವಾಗಲೂ ದಾರಿಯ ಕಲ್ಮಲದವರೆಗೆ ನಿಂತೇ ಹೋಗುವವನು ನಾನು. ಅಂದು ನನ್ನ ಮುಖ ನೋಡಿದ್ದೇ ತಡ, ಒಂದು ಸೀಟಿನ ಮೂವರೂ ಎದ್ದು ನಿಂತರು. "ಮದ್ರಾಸ್ ಐ ಅದ, ಅವರ ಕಣ್ಣಾಗ ಕಣ್ಣಿಟ್ಟು ನೋಡಬ್ಯಾಡ್ರಲೇ!" ಎಂದು ಕಂಡಕ್ಟರ್ ಕೂಗಿ, ಟಿಕೆಟ್ಟನ್ನೂ ಅತ್ತ ತಿರುಗಿಯೇ ಕೊಟ್ಟ. ಮೇಷ್ಟ್ರಿಗೆ ಸಿಗದ ಮರ್ಯಾದೆ ರೋಗಕ್ಕೆ ಸಿಕ್ಕಿತು. ಕಾಲು ಚಾಚಿಕೊಂಡು ಹೋದೆ.

೨. ಹರಳೆಣ್ಣೆ

"ಇದು ಅಂಟೂದಿಲ್ರಿ. ಕಣ್ಣಿನೊಳಗಿನ ಪದರಿಗೆ ಉರಿಯೂತ" ಎಂದ ಡಾಕ್ಟರು ಎರಡು ಬಾಟಲಿ ಕೊಟ್ಟರು. ಒಂದು ಉರಿಯೂತ ತಗ್ಗಿಸಲು, ಇನ್ನೊಂದು ಪಾಪೆ ಹಿಗ್ಗಿಸಲು. "ನಾ ಹೇಳೂತನಾ ನಿಲ್ಲಿಸಬ್ಯಾಡ್ರಿ. ನಿಲ್ಲಿಸಿದ್ರ ಪಾಪೆ ಹಿಂದಿನ ಮಸೂರಕ್ಕ ಅಂಟಿಕೊಂತದ, ಒತ್ತಡ ಏರಿ ಕಣ್ಣೇ ಹೋಗ್ತದ."

ಹೊರಗೆ ಸರದಿಗೆ ಕೂತಿದ್ದ ಒಬ್ಬ ಅಜ್ಜನಿಗೆ ಇದನ್ನೆಲ್ಲ ಹೇಳಿದೆ. "ಇಷ್ಟಕ್ಕ ಇಲ್ಲಿತನಾ ಬಂದೇನು? ಹರಳೆಣ್ಣಿ ಬಿಟ್ಕೊಂಡ್ರ ಮುಗೀತಿತ್ತು."

"ಮತ್ತ ನೀವ್ಯಾಕ ಬಂದೀರಿ ಯಪ್ಪಾ?"

"ಹರಳೆಣ್ಣಿ ಬಿಟ್ಕೊಂಡಿದ್ದೆ."

೩. ಪಂಕ್ತಿ

ವಾರದಲ್ಲಿ ಕೆಂಪು ಹೋಯಿತು. ಮಾನ್ವಿಯಲ್ಲಿ ಅಕ್ಕಿ ಮಿಲ್ಲು ನಡೆಸುವ ಮಾವನ ಮನೆಗೆ ಪೂಜೆಗೆ ಹೋದೆವು. ಊಟಕ್ಕೆ ಕೂತಲ್ಲೇ ಹೆಂಡತಿ ನನ್ನ ಕಣ್ಣಿಗೆ ಪಾಪೆ ಹಿಗ್ಗಿಸುವ ಹನಿ ಬಿಟ್ಟಳು. ಅತ್ತೆ ಬಾಟಲಿ ಕಸಿದುಕೊಂಡರು.

"ಸಾಲಾಗ ಕುಂತಾಗ ಒಬ್ಬರಿಗೆ ಬಡಿಸಿ ಮುಂದಿನವ್ರನ್ನ ಬಿಡೂದು ಪಾಪ. ಮಿಲ್ಲಿನ ಧೂಳಿಗೆ ಎಲ್ಲರ ಕಣ್ಣೂ ಉರೀತಾವ."

ಮಾವ, ಅವರ ಮಕ್ಕಳು, ಮಿಲ್ಲಿನ ಹಮಾಲರು, ಸಾಲಿಗೆ ಸಾಲೇ ಕಣ್ಣು ತೆರೆಯಿತು. ಅತ್ತೆಯ ಕೈ ದೊಡ್ಡದು. ತುಪ್ಪ ಬಡಿಸಿದಂತೆ ಬಡಿಸಿದರು. ನಾನು "ಯವ್ವಾ, ಬ್ಯಾಡ್ರಿ" ಎನ್ನುವಷ್ಟರಲ್ಲಿ ಬಾಟಲಿ ಖಾಲಿ. ಮರುದಿನ ಮಿಲ್ಲಿನಲ್ಲಿ ಯಾರಿಗೂ ಹತ್ತಿರದ್ದು ಕಾಣದು. ಅಂಗೈಯಲ್ಲಿರುವುದು ಅಕ್ಕಿಯೋ ಹೊಟ್ಟೋ ಎಂದು ಮಾವ ಅಗಿದು ನೋಡಿ ತೀರ್ಮಾನಿಸುತ್ತಿದ್ದರು.

೪. ಬೆಂಚು

ನನ್ನ ಬುದ್ಧಿಯೇನು ಕಡಿಮೆಯೇ? ಕೆಂಪು ಹೋಯಿತಲ್ಲ ಎಂದು ಹೊಸ ಬಾಟಲಿ ತರಲಿಲ್ಲ, ಇನ್ನೊಂದು ಬಾಟಲಿಯ ಹನಿಯನ್ನೂ ನಿಲ್ಲಿಸಿದೆ. ಮೂರನೆಯ ದಿನ ಕಣ್ಣಿಗೆ ಮಂಜು ಕವಿಯಿತು. ರಾಯಚೂರಿಗೆ ಓಡಿದೆ. ತಮ್ಮ ಕಣ್ಣೂ ತೋರಿಸಬೇಕೆಂದು ಮಾವನ ಮನೆಯವರೆಲ್ಲ ಕಪ್ಪು ಕನ್ನಡಕ ಹಾಕಿ ಜೀಪು ತುಂಬಿ ಬಂದರು.

"ಅವರ ಪಾಪೆ ಹಿಗ್ಗಿದ್ದು ತಾನಾ ಇಳೀತದ. ನಿಮ್ಮ ಪಾಪೆ ಮಾತ್ರ ಅಂಟೇದ್ರಿ. ಬಿಡ್ತದೋ ಇಲ್ಲೋ ಹೇಳಾಕ ಆಗೂದಿಲ್ಲ" ಎಂದರು ಡಾಕ್ಟರು. ಮಕ್ಕಳಿಗೆ ವಿಜ್ಞಾನ ಕಲಿಸುವವನು ಬರೀ ಉಡಾಫೆಗೆ ಕಣ್ಣು ಕಳೆದುಕೊಂಡೆನಲ್ಲ ಎಂದು ನಾಚಿಕೆಯಾಯಿತು. ನನ್ನನ್ನು ಬೆಂಚಿನ ಮೇಲೆ ಕೂರಿಸಿ ಮತ್ತೆ ಮತ್ತೆ ಹನಿ ಬಿಟ್ಟರು. ಸಂಜೆ ಡಾಕ್ಟರು ಟಾರ್ಚ್ ಹಿಡಿದು ನೋಡಿ, "ಪಾಪೆ ಬಿಟ್ಟದ! ಕಣ್ಣು ಉಳೀತು. ಇನ್ನೊಂದು ಹನಿ, ತಲಿ ಎತ್ರಿ" ಎಂದರು.

ನನಗೆ ಅಳುವೇ ಬಂತು. ಪಕ್ಕಕ್ಕೆ ನೋಡಿದೆ. ಅತ್ತೆಯಿಂದ ಹಿಡಿದು ಕೊನೆಯ ಹಮಾಲನವರೆಗೆ ಇಡೀ ಬೆಂಚು ಕನ್ನಡಕ ತೆಗೆದು, ತಲೆ ಎತ್ತಿ, ಕಣ್ಣು ಅಗಲಿಸಿ ಕಾಯುತ್ತಿತ್ತು.

"ಈ ಸಲ ಆ ಕಡಿಯಿಂದ ಶುರು ಮಾಡ್ರಿ ಡಾಕ್ಟ್ರೇ" ಎಂದರು ಅತ್ತೆ, "ಹ್ವಾದ ಸಲ ಅಳಿಯಾರೇ ಮೊದಲಾಗಿದ್ರು."