ನೆಂಟರಿಗೆ ಸ್ನಾನ, ಚಕ್ಕೋತಕ್ಕೆ ನೀರು

ಬಚ್ಚಲ ನೀರು ಹರಿದು ಗಿಡದ ಬುಡಕ್ಕೆ ಹೋಗುವ ಸಣ್ಣ ಕಾಲುವೆಗೆ ನಮ್ಮ ತವರಲ್ಲಿ ಒಂದು ಹೆಸರಿತ್ತು. ಗಟಾರ ಅಲ್ಲ, ಅದು ಬೀದಿಯದ್ದು. ಹರಿ... ಹರ... ಇಲ್ಲ, ನಾಲಗೆಯ ತುದಿಯಲ್ಲಿ ಕೂತಿದೆ, ಇಳಿಯುತ್ತಿಲ್ಲ. ಇಳಕಲ್ಲಿಗೆ ರೇಷ್ಮೆ ಮಾರಲು ಬರುತ್ತಿದ್ದ ನಮ್ಮ ಮನೆಯವರು ನನ್ನನ್ನು ಕಟ್ಟಿಕೊಂಡು ದೇವನಹಳ್ಳಿ ತಾಲ್ಲೂಕಿನ ವಿಜಯಪುರಕ್ಕೆ ಕರೆತಂದರು. ಇಲ್ಲಿ ಎಲ್ಲದಕ್ಕೂ ಮೋರಿ ಅಂದು ಅಂದು ಆ ಹೆಸರು ಕೊಚ್ಚಿಹೋಯಿತು. ಹೋಗಲಿ. ಹೆಸರಿಲ್ಲದಿದ್ದರೂ ನೀರು ಹರಿಯುತ್ತೆ. ನೀರು ಉಳಿಸಲು ಹೊರಟ ಮನೆಯಲ್ಲಿ ನೀರಿಗಿಂತ ಮೊದಲು ಮಾನ ಹರಿದು ಹೋಗುತ್ತೆ. ನಮ್ಮ ಮನೆಯಲ್ಲಂತೂ ಈ ಬೇಸಿಗೆಯಿಡೀ ಅದು ನಿಂತೇ ಇಲ್ಲ.

೧. ಮೀಟರ್ ಬಂತು

ನನ್ನ ಮಗನಿಗೆ ಪೈಪು, ನಲ್ಲಿ ಮಾರುವ ಅಂಗಡಿ. ಬೋರ್‌ವೆಲ್ ನೀರು ಸಣ್ಣಗಾಗುತ್ತಲೇ ಟ್ಯಾಂಕಿನಿಂದ ಇಳಿಯುವ ಪೈಪಿಗೆ ಒಂದು ಮೀಟರ್ ಕೂರಿಸಿದ.

"ಇನ್ಮೇಲೆ ಸ್ನಾನಕ್ಕೆ ಒಬ್ಬೊಬ್ರಿಗೆ ಒಂದೇ ಬಕೆಟ್. ಸಂಜೆ ಬಂದು ಮೀಟರ್ ನೋಡ್ತೀನಿ" ಅಂದ.

ಮೀಟರ್ ತಿರುಗುತ್ತದೋ ಇಲ್ಲವೋ ನೋಡಲು ಅಂಗಳದ ನಲ್ಲಿ ಬಿಟ್ಟ. "ಇದನ್ನ ಯಾರೂ ಮುಟ್ಬೇಡಿ" ಅಂತ ತಾಕೀತು ಮಾಡುವಾಗಲೇ ಫೋನ್ ಬಂತು. ಯಾರೋ ಗಿರಾಕಿಗೆ ಅಳತೆ ಹೇಳುತ್ತಾ ಗೇಟು ದಾಟಿ, ಸ್ಕೂಟರ್ ಹತ್ತಿ ಅಂಗಡಿಗೇ ಹೋದ. ಮುಟ್ಟಬೇಡಿ ಅಂದಿದ್ದನಲ್ಲ, ನಾವು ಮುಟ್ಟಲಿಲ್ಲ. ಟ್ಯಾಂಕು ಬರಿದಾಯಿತು.

ಸಂಜೆ ಮೀಟರ್ ಮುಂದೆ ಬಾಯಿ ತೆರೆದು ನಿಂತ. "ಏನಮ್ಮ ಇದು?"

"ಒಳ್ಳೇ ಮೀಟರ್ ಕಣಪ್ಪ. ಟ್ಯಾಂಕು ಬರಿದಾಗೋವರೆಗೂ ಒಂದು ಗಳಿಗೆಯೂ ನಿಲ್ಲಲಿಲ್ಲ" ಅಂದೆ.

೨. ಗ್ಯಾಸಿನವನ ಬಾಯಾರಿಕೆ

ಆ ಸಿಟ್ಟನ್ನೆಲ್ಲ ಅವನು ನನ್ನ ಚಕ್ಕೋತದ ಮರದ ಮೇಲೆ ತೀರಿಸಿಕೊಂಡ. ಗಿಡಕ್ಕೆ ಬಿಡುವ ಪೈಪನ್ನು ಸುತ್ತಿಕೊಂಡು ಹೋಗಿ ಅಂಗಡಿಯಲ್ಲಿ ಮಾರಿಬಿಟ್ಟ. "ಟ್ಯಾಂಕಿನ ನೀರು ಮರಕ್ಕೆ ಒಂದು ತೊಟ್ಟೂ ಇಲ್ಲ. ಬಳಸಿ ಬಿಟ್ಟ ನೀರು ಹಾಕ್ಕೋ. ಈ ಸಲ ಕಾಯಿ ನಿಲ್ಲಲಿಲ್ಲ ಅಂದ್ರೆ ಮರ ಕಡಿಸಿ ಅಲ್ಲಿ ಕಾರು ನಿಲ್ಲಿಸ್ತೀನಿ."

ಮರದ ತುಂಬ ನಿಂಬೆಹಣ್ಣಿನಷ್ಟು ಕಾಯಿ. ಬಿಸಿಲಿಗೆ ದಿನವೂ ಒಂದಷ್ಟು ಉದುರುತ್ತಿದ್ದವು. ಚಕ್ಕೋತದ ತೊಳೆಗೆ ಉಪ್ಪುಖಾರ ಹಚ್ಚಿ ತಿನ್ನುವುದು ಬಿಟ್ಟರೆ ಈ ಊರು ನನಗೆ ಬೇರೇನು ಸುಖ ಕೊಟ್ಟಿದೆ?

ಅಡುಗೆಮನೆಯಲ್ಲಿ ನೀರು ಸೋಸುವ ಮಿಷನ್ ಇದೆ. ಕುಡಿಯುವ ನೀರು ಒಂದು ಕಡೆ ಬಂದರೆ, ಬೇಡದ ನೀರು ಇನ್ನೊಂದು ಪೈಪಿನಲ್ಲಿ ಆಚೆ ಬರುತ್ತೆ. ಆ ಪೈಪಿನ ಕೆಳಗೆ ಬಕೆಟ್ ಇಟ್ಟೆ. ಆದರೆ ಬೇಡದ ನೀರು ಬರಬೇಕಾದರೆ ಬೇಕಾದ ನೀರು ಯಾರಾದರೂ ಕುಡಿಯಬೇಕಲ್ಲ? ಬಂದವರಿಗೆಲ್ಲ ಕುಡಿಸತೊಡಗಿದೆ.

ಗ್ಯಾಸ್ ಸಿಲಿಂಡರ್ ತರುವವನು ಬಂದ. ಒಂದು ಚೊಂಬು ಕೊಟ್ಟೆ, ಕುಡಿದ. ಎರಡನೆಯದನ್ನು ಮರ್ಯಾದೆಗೆ ಕುಡಿದ. ಮೂರನೆಯದಕ್ಕೆ, "ಸಾಕು ಅಜ್ಜಿ, ಹೊಟ್ಟೇಲಿ ಜಾಗ ಇಲ್ಲ" ಅಂದ.

"ಬಿಸಿಲಲ್ಲಿ ಬಂದಿದೀಯ, ಕುಡಿಯೋ" ಅಂತ ಗದರಿ ಕುಡಿಸಿದೆ.

ಅವನು ಗೇಟಿನವರೆಗೆ ಹೋಗಿ ವಾಪಸ್ ಬಂದು, "ಅಜ್ಜಿ, ಟಾಯ್ಲೆಟ್ ಎಲ್ಲಿದೆ?" ಅಂದ. ಹೋದವನು ಎರಡು ಸಲ ಫ್ಲಶ್ ಮಾಡಿದ. ನನ್ನ ಬಕೆಟ್ಟಿಗೆ ಬಂದದ್ದಕ್ಕಿಂತ ಹೆಚ್ಚು ನೀರು ಅಲ್ಲಿಗೇ ಹೋಯಿತು. ಮನೆಯ ಹುಡುಗ ಅಂತ ಮರದ ಬುಡ ತೋರಿಸಿದ್ದರೆ ಚೆನ್ನಾಗಿತ್ತು ಅಂತ ಆಮೇಲೆ ಹೊಳೆಯಿತು.

೩. ತಲೆಗೂ ಹಾಕ್ಕೊಳ್ಳಿ

ಅಷ್ಟರಲ್ಲಿ ಸೊಸೆ ಜಗಳ ತೆಗೆದಳು. "ನಮ್ಮಪ್ಪ ಅಮ್ಮ ಬಂದ್ರೂ ಒಂದೇ ಬಕೆಟ್ ಅಂತೀರಾ?" ಮಗ ತಣ್ಣಗಾಗಿ, "ನೆಂಟರು ಬಂದ ದಿನ ಲೆಕ್ಕ ಇಲ್ಲ ಬಿಡು" ಅಂದ.

ನನ್ನ ಕಣ್ಣು ತೆರೆಯಿತು. ಬಚ್ಚಲ ನೀರೆಲ್ಲ ಚಕ್ಕೋತದ ಪಾತಿಗೆ ಹೋಗುವಂತೆ ಕಾಲುವೆ ತೋಡಿಸಿದೆ. ಇನ್ನು ನೆಂಟರು ಬರಬೇಕಷ್ಟೆ.

ಬಂದರು. ಅನುಗೊಂಡನಹಳ್ಳಿಯಿಂದ ಬೀಗರು, ಸೊಸೆಯ ಅಪ್ಪ ಅಮ್ಮ. ದೊಡ್ಡಬಳ್ಳಾಪುರದಲ್ಲಿ ಸಂಜೆ ಆರತಕ್ಷತೆ. ದಾರಿಯಲ್ಲಿ ಮಗಳನ್ನು ನೋಡಿ ಹೋಗೋಣ ಅಂತ ಮಧ್ಯಾಹ್ನವೇ ಇಳಿದರು. ಬೀಗಿತ್ತಿ ಜರಿ ಸೀರೆ ಉಟ್ಟು, ತಲೆತುಂಬ ಮಲ್ಲಿಗೆ ಮುಡಿದಿದ್ದರು. ಸೊಸೆ, ಮೊಮ್ಮಗಳು ಪೇಟೆಗೆ ಹೋಗಿದ್ದರು. ಮಗ ಅಂಗಡಿಯಲ್ಲಿದ್ದ.

ನಾನು ಬಾಗಿಲಲ್ಲೇ ಟವೆಲ್ ಹಿಡಿದು ನಿಂತೆ. "ಒಳಗೆ ಆಮೇಲೆ ಬನ್ನಿ. ಮೊದಲು ಇಬ್ರೂ ಸ್ನಾನ ಮಾಡ್ಬಿಡಿ. ತಲೆಗೂ ಹಾಕ್ಕೊಳ್ಳಿ. ಸೋಪು ಬೇಡ."

ಬಾಗಿಲಿಗೆ ಬಂದವರನ್ನು ತಡೆದು ತಲೆಸ್ನಾನ ಮಾಡಿ ಅಂದರೆ ಯಾವ ಊರಲ್ಲಾದರೂ ಒಂದೇ ಅರ್ಥ: ಹತ್ತಿರದವರು ಯಾರೋ ತೀರಿಕೊಂಡಿದ್ದಾರೆ, ಸೂತಕ. ನನಗೆ ಅದು ಹೊಳೆಯಲೇ ಇಲ್ಲ. ತಲೆಯಲ್ಲಿ ಇದ್ದದ್ದು ಮರ ಒಂದೇ.

ಬೀಗಿತ್ತಿ ತಲೆಯ ಹೂವು ತೆಗೆದಿಟ್ಟು ನೇರ ಬಚ್ಚಲಿಗೆ ಹೋದರು. ಎಂಥ ಸಂಭಾವಿತರು ಅಂದುಕೊಂಡೆ. ಹಿತ್ತಲಲ್ಲಿ ಪಾತಿ ತುಂಬುವುದನ್ನು ನೋಡುತ್ತಾ, "ಇನ್ನೂ ನಾಲ್ಕು ಚೊಂಬು ಹಾಕ್ಕೊಳ್ಳಿ" ಅಂತ ಕೂಗಿದೆ. ಒಳಗಿಂದ ಬಿಕ್ಕುವ ಸದ್ದು ಬಂತು. ಸೀಗೆಪುಡಿ ಕಣ್ಣಿಗೆ ಬಿತ್ತೇನೋ ಅಂದುಕೊಂಡೆ.

ಬೀಗರು ಅಂಗಳದಲ್ಲಿ ನಿಂತು ಜಡಿಗೇನಹಳ್ಳಿಯ ತಮ್ಮನಿಗೆ ಮೆಲ್ಲಗೆ ಫೋನ್ ಮಾಡಿದ್ದರಂತೆ: "ಆರತಕ್ಷತೆಗೆ ನಾವು ಬರಲ್ಲ ಕಣೋ. ಬೀಗರ ಮನೇಲಿ ಸೂತಕ. ಯಾರು ಅಂತ ಕೇಳೋಕೆ ಬಾಯೇ ಬರ್ತಿಲ್ಲ." ತಮ್ಮ ಕೇಳುವುದೇನು? ಮನೆಯಲ್ಲಿ ಹೋಗುವ ವಯಸ್ಸಿನವಳು ನಾನೊಬ್ಬಳೇ.

ಇಬ್ಬರದೂ ಸ್ನಾನ ಮುಗಿಯಿತು. ಬೀಗರು ಮಗನ ಲುಂಗಿಯಲ್ಲಿ, ಬೀಗಿತ್ತಿ ಸೊಸೆಯ ಹಳೇ ನೈಟಿಯಲ್ಲಿ ತಲೆ ತಗ್ಗಿಸಿ ಕೂತರು. ಕಾಫಿ ಕೊಟ್ಟರೆ ಮುಟ್ಟಲಿಲ್ಲ. ಕರೆಯೋಲೆ ಇಲ್ಲದೆ ಬಂದವರ ಹಾಗೆ ಯಾಕೆ ಕೂತಿದ್ದಾರೆ ಅಂತ ನಾನು ಯೋಚಿಸುತ್ತಿರುವಾಗ ಗೇಟಿನ ಮುಂದೆ ಕಾರು ನಿಂತ ಸದ್ದಾಯಿತು. ಹೋಗಿ ಬಾಗಿಲು ತೆರೆದೆ. ಜಡಿಗೇನಹಳ್ಳಿಯ ತಮ್ಮ ಒಂದು ಭಾರಿ ಸುಗಂಧರಾಜದ ಹಾರ ಹಿಡಿದು ನಿಂತಿದ್ದ. ನನ್ನನ್ನು ನೋಡಿದ್ದೇ ಅವನ ಮುಖ ಬಿಳಿಚಿಕೊಂಡಿತು.

"ಹಾರ ಯಾರಿಗಪ್ಪಾ?" ಅಂದೆ.

ಅವನು ಹಾರವನ್ನು ಬೆನ್ನ ಹಿಂದೆ ಸರಿಸುತ್ತಾ, "ದಾರೀಲಿ ಮಾರ್ತಿದ್ರು ಅಮ್ಮ... ಫ್ರೆಶ್ಶಾಗಿತ್ತು... ತಂದೆ" ಅಂದ.

ಆಗ ನನಗೆ ಎಲ್ಲ ತಿಳಿಯಿತು. ಬೀಗಿತ್ತಿಗೂ ತಿಳಿಯಿತು. ಅವರು ನೈಟಿಯಲ್ಲೇ ಎದ್ದು, "ಯಾರೂ ಸತ್ತಿಲ್ವಾ? ಹಾಗಾದ್ರೆ ನನ್ನ ತಲೆ ಯಾಕೆ ನೆನೆಸಿದ್ರಿ?" ಅಂತ ಕೇಳಿದರು. ಕಿಟಕಿಯಿಂದ ಮರ ತೋರಿಸಿದೆ. ಅವರು ಮರವನ್ನು ನೋಡಿದರು, ನನ್ನನ್ನು ನೋಡಿದರು, ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದರು.

ಹಾರವನ್ನು ದುಡ್ಡು ಕೊಟ್ಟು ತಂದಿದ್ದಾನೆ, ಹಾಳು ಮಾಡುವುದೇಕೆ ಅಂತ ಮರಕ್ಕೆ ಹಾಕಿಸಿದೆ. ತಮ್ಮನನ್ನೂ ಸುಮ್ಮನೆ ಬಿಡಲಿಲ್ಲ. ಹಾರ ಹಿಡಿದು ಬದುಕಿರುವವಳ ಮನೆಗೆ ಬಂದಿದೀಯ, ಸ್ನಾನ ಮಾಡದೆ ಹೋದರೆ ನಿನಗೇ ಒಳ್ಳೇದಲ್ಲ ಅಂತ ಹೆದರಿಸಿ ಎರಡು ಬಕೆಟ್ ಹಾಕಿಸಿದೆ. ಒದ್ದೆ ತಲೆಯಲ್ಲೇ ಮೂವರೂ ಆರತಕ್ಷತೆಗೆ ಹೊರಟರು.

ಆ ವಾರ ಒಂದು ಕಾಯಿಯೂ ಉದುರಲಿಲ್ಲ. ಮೊಮ್ಮಗಳನ್ನು ಕರೆದು ಹೇಳಿದೆ: "ಅನುಗೊಂಡನಹಳ್ಳಿ ಅಜ್ಜಿಗೆ ಫೋನ್ ಮಾಡಿ, ಅವರ ಕಡೆ ಇನ್ನು ಯಾರ್ಯಾರ ಮದುವೆ ಯಾವಾಗಿದೆ ಕೇಳಿ ಬರ್ಕೋ ಮಗಾ. ನಮ್ಮೂರ ಮೇಲೆ ಹಾದು ಹೋಗೋರ ಹೆಸರು ಮಾತ್ರ ಬರಿ."