ಬೋಳು ಉಕ್ಕಿಗೆ ಆಯುಧಪೂಜೆ

ಹ್ಯೂಸ್ಟನ್ನಿನ ಗಾಳಿಯ ಮೇಲೆ ನನಗೊಂದು ದೂರಿದೆ. ನನ್ನ ಹೆಂಡತಿ ಶಕುಂತಲಾ ಅದನ್ನು ಕೇಳಿ ಕೇಳಿ ಎದ್ದು ಹೋಗಿದ್ದಾಳೆ. ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ.

ನಾನು ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಹರಿಹರದ ಗ್ಯಾರೇಜಿನಲ್ಲಿ ಗ್ರೀಸು ಒರೆಸುತ್ತಾ ಕಲಿತು, ಇಲ್ಲಿಗೆ ಬಂದು ತೈಲಬಾವಿಯ ಕೊಳವೆಗಳನ್ನು ಲೇತಿನ ಮೇಲೆ ಕೊರೆದು ಕೂದಲು ಬೆಳ್ಳಗೆ ಮಾಡಿಕೊಂಡವನು. ಕಬ್ಬಿಣ ನನ್ನ ಮಾತು ಕೇಳುತ್ತದೆ. ಮನೆಯಲ್ಲಿ ಕೇಳುವುದು ಅದೊಂದೇ. ಚಿಕ್ಕಂದಿನಲ್ಲಿ ಅಮಲ್ದಾರರ ಫೋರ್ಡು ನಮ್ಮೂರ ದಾರಿಯಲ್ಲಿ ಧೂಳೆಬ್ಬಿಸುತ್ತಾ ಹೋಗುತ್ತಿತ್ತು, ಪಕ್ಕದಲ್ಲಿ ಅವರ ಹೆಂಡತಿ ರಾಣಿಯ ಹಾಗೆ. ಅಂಥದೊಂದನ್ನು ಕೈಯಾರೆ ಕಟ್ಟಬೇಕೆಂದು ಅಂದೇ ಆಸೆಪಟ್ಟೆ. ಹೆಂಡತಿ ಸಿಗುವುದಕ್ಕೆ ಮೊದಲೇ ಅವಳಿಗೆ ಸೀಟು ಗೊತ್ತು ಮಾಡಿಟ್ಟಿದ್ದೆ.

ಇಲ್ಲಿಯವರು ಅದನ್ನು ಹಾಟ್ ರಾಡ್ ಎನ್ನುತ್ತಾರೆ: ಮುತ್ತಾತನ ಕಾಲದ ಮೈ, ಒಳಗೆ ಈ ಕಾಲದ ರಾಕ್ಷಸ ಎಂಜಿನ್ನು. ೨೦೦೩ರ ಬೇಸಿಗೆಯ ಹೊತ್ತಿಗೆ ಅಡಿಯ ಚೌಕಟ್ಟಾದ ಚಾಸಿ, ಎಂಜಿನ್ನು ಎರಡೂ ಸಿದ್ಧವಾದವು. ಇಲ್ಲಿನ ಕನ್ನಡಿಗರ ರಾಜ್ಯೋತ್ಸವದ ಮೆರವಣಿಗೆಯಲ್ಲಿ ಶಕುಂತಲಾ ನನ್ನ ಪಕ್ಕ ಕೂರುವುದೆಂದು ಮಾತಾಯಿತು. ಉಳಿದದ್ದು ಬಾಡಿ. ಫೈಬರ್‌ಗ್ಲಾಸೋ, ಉಕ್ಕೋ?

ಇದೇ ಹುಚ್ಚು ಹತ್ತಿಸಿಕೊಂಡಿದ್ದ ಗೋವಿಂದರಾಜು (ತೈಲ ಕಂಪನಿಗಳ ಬೀದಿ ಎನರ್ಜಿ ಕಾರಿಡಾರಿನಲ್ಲಿ ಕಂಪ್ಯೂಟರ್ ಕೆಲಸ, ಸುತ್ತಿಗೆ ಹಿಡಿದರೆ ಬ್ಯಾಂಡೇಜು ಬೇಕು) ಫೈಬರ್ ತರಿಸಿದ. ತುಕ್ಕಿಲ್ಲ, ತೂಕವಿಲ್ಲ, ಬೋಲ್ಟು ಬಿಗಿದರೆ ಮುಗಿಯಿತು ಎಂದ. ಶಕುಂತಲಾ ಕೂಡ ಅದೇ ರಾಗ ಎಳೆದಳು.

“ಪ್ಲಾಸ್ಟಿಕ್ ಬಕೆಟ್ಟಿಗೆ ಯಾರಾದ್ರೂ ಆಯುಧಪೂಜೆ ಮಾಡ್ತಾರೇನೇ?” ಎಂದೆ.

“ನಿಮಗೆ ಪೂಜೆ ಬೇಕೋ, ಕಾರು ಬೇಕೋ?”

“ಎರಡೂ.”

ಡಾಲಸ್ಸಿನ ಆಚೆ ಯಾರದೋ ಕೊಟ್ಟಿಗೆಯಲ್ಲಿ ಬಿದ್ದಿದ್ದ ಉಕ್ಕಿನ ಬಾಡಿಯನ್ನು ಹೇರಿಕೊಂಡು ಬಂದೆ. ತುಕ್ಕು ಕೆರೆದೆ, ಡೊಂಕು ಬಡಿದೆ, ತೂತಿಗೆ ತೇಪೆ ಬೆಸೆದೆ. ಆಯುಧಪೂಜೆಗೆ ಅದು ಬೆಳ್ಳಿ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಮೊದಲು ತುಕ್ಕು ತಡೆಯುವ ಪ್ರೈಮರ್ ಬಣ್ಣ ಹೊಡೆಯಿರಿ ಎಂದು ಶಕುಂತಲಾ ಬೇಡಿಕೊಂಡಳು. ಬಣ್ಣದ ಮೇಲೆ ಮಾಡಿದ ಪೂಜೆ ಉಕ್ಕಿಗೆ ಮುಟ್ಟುವುದಿಲ್ಲ ಎಂದು ಶಾಸ್ತ್ರ ಹೇಳಿದೆ. (ಶಾಸ್ತ್ರ ನನ್ನದೇ.) ಬೋಳು ಮೈಗೆ ಅರಿಶಿನದ ನೀರು ಬಳಿದೆ, ಕುಂಕುಮ ಇಟ್ಟೆ, ಹೂವಿನ ಹಾರ ಹಾಕಿದೆ, ಕಾಯಿ ಒಡೆದ ನೀರನ್ನೂ ಪ್ರೋಕ್ಷಣೆ ಮಾಡಿ, ಹೂ ಒಣಗುವ ತನಕ ಯಾರೂ ಮುಟ್ಟಕೂಡದೆಂದು ಅಪ್ಪಣೆ ಹೊರಡಿಸಿದೆ.

ಈ ಊರಿನದು ಗಾಳಿಯಲ್ಲ, ಹಿಂಡದ ಒದ್ದೆ ಬಟ್ಟೆ. ವಾರ ಕಳೆದು ಹಾರ ತೆಗೆದರೆ, ಹಾರದ ಆಕಾರದಲ್ಲೇ ತುಕ್ಕು. ಯಾವುದು ಕುಂಕುಮ, ಯಾವುದು ತುಕ್ಕು ಎಂದು ಬೆರಳಿನಿಂದ ಉಜ್ಜಿ ನೋಡಬೇಕಾಯಿತು. ಬೇಸಿಗೆಯ ಕೆರೆತವೆಲ್ಲ ಮತ್ತೆ ಮೊದಲಿನಿಂದ; ಮೆರವಣಿಗೆಗೆ ಕಾರು ತಪ್ಪಿತು.

ಮೆರವಣಿಗೆಯ ದಿನ ಗೋವಿಂದರಾಜುವಿನ ಫೈಬರ್ ಕಾರು ದೇವಸ್ಥಾನದ ಮುಂದೆ ಗುರುಗುಟ್ಟುತ್ತಾ ನಿಂತಿತು. ಅಕ್ಕ ಬರಲಿ ಎಂದು ಅವನು ಶಕುಂತಲಾಳನ್ನು ಕರೆದ. ಅವಳು ನನ್ನ ಮುಖ ನೋಡಿದಳು. ನಾನು ದೊಡ್ಡ ಮನುಷ್ಯನ ಹಾಗೆ ತಲೆಯಾಡಿಸಿದೆ. ಅವಳು ಕೆಂಪು ಹಳದಿ ಬಾವುಟ ಹಿಡಿದು ಮುಂದೆ ಹೊರಟಳು. ನಾನು ನಮ್ಮ ಹಳೆಯ ಕ್ಯಾಮ್ರಿ ಕಾರಿನಲ್ಲಿ ಲೈಟು ಮಿನುಗಿಸುತ್ತಾ ಮೆರವಣಿಗೆಯ ಬಾಲವಾದೆ. ದಾರಿಯುದ್ದಕ್ಕೂ ನನಗೆ ಕಂಡದ್ದು ಅವಳ ತುರುಬು ಮಾತ್ರ.

ಮನೆಗೆ ಬಂದ ಮೇಲೆ ಹೇಗಿತ್ತೆಂದು ಕೇಳಿದೆ.

“ಒಳಗೆ ಕೂತ್ರೆ ಉಕ್ಕೋ ಫೈಬರೋ ಗೊತ್ತೇ ಆಗಲ್ಲ ರೀ,” ಎಂದಳು. ಬಾವುಟ ಮಡಿಸಿಡುತ್ತಾ, “ಪಕ್ಕದಲ್ಲಿ ನೀವಿಲ್ಲ ಅನ್ನೋದು ಮಾತ್ರ ಗೊತ್ತಾಗ್ತಿತ್ತು.”

ಮರುದಿನ ಅವಳು ಹಿತ್ತಲಿಗೆ ಹೋದದ್ದು ನೋಡಿ ಗೋವಿಂದರಾಜುವಿಗೆ ಫೋನು ಮಾಡಿದೆ. ದನಿ ಗಡುಸು ಮಾಡಿಕೊಂಡು, ಆ ಫೈಬರ್ ಬಾಡಿ ಎಲ್ಲಿ ಸಿಗುತ್ತದೆ, ನನ್ನ ಸ್ನೇಹಿತನೊಬ್ಬ ವಿಚಾರಿಸುತ್ತಿದ್ದಾನೆ ಎಂದೆ.

“ಅಣ್ಣಾ, ನಿಮ್ಮ ಆ ಸ್ನೇಹಿತರಿಗೆ ಅಕ್ಕ ನಿನ್ನೆಯೇ ನನ್ನ ಕೈಲಿ ಆರ್ಡರ್ ಮಾಡಿಸಿದ್ರು,” ಎಂದ. “ಬಣ್ಣ ಮಾತ್ರ ನಿಮ್ಮಿಷ್ಟಕ್ಕೆ ಬಿಟ್ಟಿದ್ದಾರೆ, ಆದ್ರೆ ಅದು ಹಸಿರೇ ಆಗಿರ್ಬೇಕಂತೆ.”