ಮೇಕೆ ಹಾಲು ಕರೆಯಬಲ್ಲ ವಿದ್ವಾಂಸರು ಬೇಕಾಗಿದ್ದಾರೆ

ತನ್ನ ಪತ್ರಿಕೆಯನ್ನು ಯಾರೂ ಓದುವುದಿಲ್ಲ ಎಂದು ಆಸ್ಗರ್ ಸಾಬೀತು ಮಾಡಬೇಕಿತ್ತು. ಇಂಥ ಆಸೆ ಯಾವ ಸಂಪಾದಕನಿಗೂ ಬರಬಾರದು, ಆದರೆ ಆಸ್ಗರ್‌ಗೆ ಬಂದಿತ್ತು. ಬರೀ ಬಂದದ್ದಲ್ಲ, ಅದರ ಮೇಲೆ ಅವನ ಕೆಲಸವೇ ನಿಂತಿತ್ತು.

ಡೆನ್ಮಾರ್ಕಿನ ಸ್ವೆಂಡ್‌ಬೋರ್ಗ್ ಊರಿನ ಸಾಹಿತ್ಯ ಅಧ್ಯಯನ ಕೇಂದ್ರದಲ್ಲಿ ಅವನು ಕಿರಿಯ ಸಂಶೋಧಕ. ಬಂದರಿನ ಪಕ್ಕದ ಹಳೆಯ ಉಗ್ರಾಣವೊಂದನ್ನು ರಿಪೇರಿ ಮಾಡಿ ಆ ಕೇಂದ್ರ ಕಟ್ಟಿದ್ದರು. ಪ್ರತಿ ಶುಕ್ರವಾರ ಬೆಳಿಗ್ಗೆ 'ಸುದ್ದಿ ಮತ್ತು ಅವಕಾಶ' ಎಂಬ ಪತ್ರಿಕೆಯನ್ನು ಎಲ್ಲರ ಮೇಲ್‌ಗೆ ಕಳಿಸುವುದು ಅವನ ಪಾಲಿಗೆ ಬಂದ ಹೊರೆ. ಎಲ್ಲಿ ವಿಚಾರ ಸಂಕಿರಣ, ಯಾವ ಪ್ರತಿಷ್ಠಾನ ಸಂಶೋಧನಾ ವೇತನ ಕೊಡುತ್ತಿದೆ, ಯಾರು ಯಾವ ವಿಷಯಕ್ಕೆ ಪ್ರಬಂಧ ಕರೆದಿದ್ದಾರೆ, ಎಲ್ಲ ಅದರಲ್ಲಿರುತ್ತಿತ್ತು. ಅದನ್ನು ಹೆಕ್ಕಿ ಜೋಡಿಸುವಷ್ಟರಲ್ಲಿ ಅರ್ಧ ವಾರ ಮುಗಿಯುತ್ತಿತ್ತು. ಹಳೆಯ ಅಡುಗೆ ಪುಸ್ತಕಗಳ ಗದ್ಯಶೈಲಿಯ ಮೇಲೆ ಅವನು ಬರೆಯುತ್ತಿದ್ದ ಗ್ರಂಥ ಮಾತ್ರ ಈಸ್ಟ್ ಹಾಕದ ಹಿಟ್ಟಿನಂತೆ ನಾಲ್ಕನೆಯ ಅಧ್ಯಾಯದಲ್ಲೇ ಕೂತಿತ್ತು. ಬೇಸಿಗೆಯೊಳಗೆ ಅದು ಪ್ರಕಾಶಕರ ಕೈಸೇರದಿದ್ದರೆ ಅವನ ಹುದ್ದೆ ಹೋದಂತೆಯೇ.

"ಈ ಪತ್ರಿಕೆ ನಿಲ್ಲಿಸಿಬಿಡೋಣ ವಿಬೆಕೆ. ಒಂದು ನರಪಿಳ್ಳೆನೂ ಅದನ್ನ ಓದಲ್ಲ," ಎಂದು ಅವನು ಕೇಂದ್ರದ ಮುಖ್ಯಸ್ಥೆಯ ಹತ್ತಿರ ಗೋಗರೆದಿದ್ದ.

"ನೀನು ಹೇಳಿಬಿಟ್ರೆ ಆಯ್ತಾ? ಯಾರೂ ಓದಲ್ಲ ಅಂತ ತೋರಿಸು. ತೋರಿಸಿದ ದಿನವೇ ನಿಲ್ಲಿಸ್ತೀನಿ," ಎಂದಿದ್ದಳು ವಿಬೆಕೆ.

ಹಾಗಾಗಿ ಆ ಶುಕ್ರವಾರ ಆಸ್ಗರ್ ನಿಜವಾದ ಸುದ್ದಿಗಳೆಲ್ಲ ಮುಗಿದ ಮೇಲೆ ಕಟ್ಟಕಡೆಗೆ ಒಂದು ಸುಳ್ಳು ಪ್ರಕಟಣೆ ಸೇರಿಸಿದ:

"ಲಿಲ್ಲೆಹೋಮ್ ದ್ವೀಪದ ದೀಪಸ್ತಂಭದಲ್ಲಿ ಮೂರು ತಿಂಗಳ ಸಂಶೋಧನಾ ವೇತನ. ವಿಷಯ: ಅರ್ಧಕ್ಕೆ ಓದಿ ಕೈಬಿಟ್ಟ ಪುಸ್ತಕಗಳು. ಊಟ, ವಸತಿ ಉಚಿತ. ಉಪನ್ಯಾಸ ಕೊಡಬೇಕಾಗಿಲ್ಲ, ಏನೂ ಬರೆಯಬೇಕಾಗಿಲ್ಲ. ಬರೆಯುತ್ತಿರುವುದು ಕಂಡುಬಂದಲ್ಲಿ ವೇತನ ನಿಲ್ಲಿಸಲಾಗುವುದು. ಮೇಕೆ ಹಾಲು ಕರೆಯಲು ಬರುವವರಿಗೆ ಆದ್ಯತೆ. ಆಸಕ್ತರು ಇಂದು ಸಂಜೆಯೊಳಗೆ ಸಂಪಾದಕರನ್ನು ಕಾಣಬೇಕು."

ಯಾರಾದರೂ ಓದಿದ್ದರೆ ಬಂದು ನಗಬೇಕು, ಇಲ್ಲವೇ ಬೈಯಬೇಕು. ಸಂಜೆಯವರೆಗೆ ಯಾರೂ ಬಾರದಿದ್ದರೆ ತಾನು ಗೆದ್ದಂತೆ. ಪತ್ರಿಕೆ ಕಳಿಸಿ, ಪರೀಕ್ಷೆ ಮುಗಿಸಿದ ಹುಡುಗನ ಹಾಗೆ ಕಾಲು ಚಾಚಿ ಕೂತ. ಒಂದೆರಡು ಗಂಟೆ ಕಳೆದ ಮೇಲೆ ರೈ ಬ್ರೆಡ್ಡಿನ ಮೇಲೆ ಉಪ್ಪಿನಲ್ಲಿ ನೆನೆಸಿದ ಮೀನಿನ ತುಂಡು ಇಟ್ಟುಕೊಂಡು ಬಾಯಿಗೆ ಹಾಕಿದ.

ಬಾಗಿಲು ತೆರೆಯಿತು. ತತ್ತ್ವಶಾಸ್ತ್ರದ ಬೆನೆಡಿಕ್ಟೆ ಸೈಕಲ್ ಹೆಲ್ಮೆಟ್ಟನ್ನೂ ತೆಗೆಯದೆ ಒಳಗೆ ಬಂದವಳೇ ಬಾಗಿಲ ಅಗುಳಿ ಹಾಕಿದಳು.

"ಆಸ್ಗರ್, ಆ ದೀಪಸ್ತಂಭ..." ಎಂದು ಪಿಸುಗುಟ್ಟಿದಳು.

ಮೀನು ಅವನ ಗಂಟಲಲ್ಲೇ ನಿಂತಿತು.

"ಯಾರಿಗೂ ಹೇಳ್ಬೇಡ, ನಾನು ಅರ್ಜಿ ಹಾಕ್ತೀನಿ. ನನಗಿಂತ ಯೋಗ್ಯರು ಈ ಡೆನ್ಮಾರ್ಕಿನಲ್ಲೇ ಸಿಗಲ್ಲ ಕಣೋ. ಅರ್ಧಕ್ಕೆ ಬಿಟ್ಟ ಪುಸ್ತಕ ಅಂದ್ಯಲ್ಲ? ನಮ್ಮನೇಲಿ ಮೂರು ಕಪಾಟು ತುಂಬ ಇವೆ! ಅಷ್ಟೇ ಯಾಕೆ, ನನ್ನ ಪಿಎಚ್.ಡಿ. ಪ್ರಬಂಧಾನೇ ನಾನು ಕೊನೇವರೆಗೂ ಓದಿಲ್ಲ."

"ಬೆನೆಡಿಕ್ಟೆ, ಅದು ನಿಜವಾದ..."

"ನಿಜವಾದ ಅವಕಾಶ! ಗೊತ್ತು! ಇಂಥದ್ದು ಜನ್ಮಕ್ಕೊಂದು ಸಲ ಬರೋದು." ಅವಳ ಕಣ್ಣಲ್ಲಿ ನೀರು ತುಂಬಿತ್ತು. "ಏನೂ ಬರೀಬೇಕಾಗಿಲ್ಲ, ಆಸ್ಗರ್! ಏನೂ!"

ಅಷ್ಟು ಸಂತೋಷವಾಗಿದ್ದ ಹೆಂಗಸಿನ ಮುಂದೆ ಸತ್ಯ ಹೇಳಲು ಅವನ ನಾಲಿಗೆ ಏಳಲಿಲ್ಲ. ಅವಳು ಅವನ ಎರಡೂ ಕೆನ್ನೆ ತಟ್ಟಿ ಹೊರಟುಹೋದಳು. ಇರಲಿ, ಒಬ್ಬಳು ತಾನೆ, ಸಂಜೆ ಸಮಾಧಾನ ಮಾಡಿದರಾಯಿತು ಎಂದು ಆಸ್ಗರ್ ಉಳಿದ ಬ್ರೆಡ್ಡು ನುಂಗಿದ.

ಅದು ಹೊಟ್ಟೆಯಲ್ಲಿ ಕರಗುವ ಮೊದಲೇ ಕಿಟಕಿಯಾಚೆ ಅಂಗಳದಲ್ಲಿ ಏನೋ ಕಂಡಿತು. ಮಧ್ಯಯುಗದ ಕಾವ್ಯದಲ್ಲಿ ದೊಡ್ಡ ಪಂಡಿತನಾದ ಟೋರ್ಕಿಲ್ ಬೆಂಚಿನ ಮೇಲೆ ಕೂತಿದ್ದ. ಪಾತ್ರೆ ತೊಳೆಯುವ ಹಳದಿ ರಬ್ಬರ್ ಕೈಗವಸಿನಲ್ಲಿ ನೀರು ತುಂಬಿಸಿ, ಅದನ್ನು ಸೈಕಲ್ಲಿನ ಹ್ಯಾಂಡಲಿಗೆ ನೇತುಹಾಕಿದ್ದ. ಒಂದೊಂದು ಬೆರಳಿನ ತುದಿಗೂ ತೂತು ಮಾಡಿ, ಎರಡೂ ಕೈಯಿಂದ ಜಗ್ಗುತ್ತಿದ್ದ. ನೀರು ಮಾತ್ರ ಕೆಳಗಿಟ್ಟ ಚೊಂಬನ್ನು ಬಿಟ್ಟು ಮಿಕ್ಕೆಲ್ಲ ಕಡೆ ಬೀಳುತ್ತಿತ್ತು.

ಆಸ್ಗರ್ ಕೆಳಗೆ ಓಡಿದ. "ಏನಯ್ಯಾ ಇದು?"

"ಶ್! ಮೆಲ್ಲಗೆ ಮಾತಾಡು ಮಾರಾಯ." ಟೋರ್ಕಿಲ್‌ನ ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು. "ಬೆನೆಡಿಕ್ಟೆ ಪಕ್ಕದ ಕೋಣೇಲಿ ಅವರಮ್ಮನಿಗೆ ಫೋನ್ ಮಾಡಿ ದೀಪಸ್ತಂಭದ ವಿಷಯ ಹೇಳ್ತಿದ್ಲು. ನಮ್ಮ ಗೋಡೆಗಳು ಗೊತ್ತಲ್ಲ, ಸೀನಿದ್ರೆ ಪಕ್ಕದವರು ಮೂಗು ಒರೆಸ್ಕೋತಾರೆ. ಅವಳಿಗೆ ಮೇಕೆ ಅಂದ್ರೆ ಭಯ. ನಾನು ಹಾಲು ಕರೆಯೋದು ಕಲಿತುಬಿಟ್ರೆ ಆಯ್ತು, ಜಾಗ ನಂದೇ!"

"ಟೋರ್ಕಿಲ್, ಕೇಳಿಲ್ಲಿ. ಮೇಕೆನೇ ಇಲ್ಲ ಕಣೋ."

ಟೋರ್ಕಿಲ್ ಕೈಗವಸನ್ನೂ ಆಸ್ಗರ್‌ನನ್ನೂ ಬದಲಾಯಿಸಿ ಬದಲಾಯಿಸಿ ನೋಡಿದ. ಮುಖ ಬೆಳಗಿತು.

"ಅದೇ ನೋಡು, ನೀನು ಹೇಳಿದ್ದು ಸರಿ! ಮೇಕೆನೇ ಇಲ್ದೆ ಅಭ್ಯಾಸ ಮಾಡೋದು ಹೇಗೆ? ನಮ್ಮ ಪಕ್ಕದ ತೋಟದವರ ಹತ್ರ ಒಂದಿದೆ. ಎಂಥ ಸ್ನೇಹಿತನಯ್ಯಾ ನೀನು!"

ಆಸ್ಗರ್ ಬಾಯಿ ತೆರೆಯುವಷ್ಟರಲ್ಲಿ ಟೋರ್ಕಿಲ್‌ನ ಕಾರು, ಹಿಂದೆ ಕಟ್ಟಿದ್ದ ಖಾಲಿ ಟ್ರೇಲರನ್ನು ಗಡಗಡ ಎನ್ನಿಸುತ್ತ, ಬಂದರಿನ ತಿರುವು ದಾಟಿಹೋಗಿತ್ತು.

ಮಧ್ಯಾಹ್ನದ ಊಟದ ಹೊತ್ತಿಗೆ ಆಸ್ಗರ್‌ನ ಸ್ಥಿತಿ ಬಾಣಲೆಯಲ್ಲಿ ಬಿದ್ದ ಹುಳುವಿನಂತಾಗಿತ್ತು. ಊಟದ ಕೋಣೆಗೆ ಹೋಗುವ ಧೈರ್ಯ ಸಾಲದೆ ಕ್ಷಮಾಪಣೆಯ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸುತ್ತ ಕೂತ. ಅಷ್ಟರಲ್ಲಿ ಕಾರಿಡಾರಿನಿಂದ ಒಂದು ಕಿರುಚಾಟ, ಅದರ ಬೆನ್ನಿಗೆ ಒಂದು ಸೊಗಸಾದ "ಮ್ಯಾ..." ಕೇಳಿಸಿತು.

ಹೊರಗೆ ಬಂದು ನೋಡಿದರೆ ಟೋರ್ಕಿಲ್ ಹಗ್ಗದ ಒಂದು ತುದಿಯಲ್ಲಿ, ಬಿಳಿಯ ದೊಡ್ಡ ಮೇಕೆಯೊಂದು ಇನ್ನೊಂದು ತುದಿಯಲ್ಲಿ. ಯಾರು ಯಾರನ್ನು ಎಳೆದುಕೊಂಡು ಬಂದರು ಎಂಬುದರಲ್ಲಿ ಅನುಮಾನವಿರಲಿಲ್ಲ. ಅಂಗಳದಲ್ಲಿ ಕಟ್ಟಲು ಹೋದರೆ ಮೇಕೆ ಒಪ್ಪದೆ, ತೆರೆದ ಬಾಗಿಲಿನಿಂದ ವಿದ್ಯಾರ್ಥಿಯಂತೆ ಮೆಟ್ಟಿಲು ಹತ್ತಿ ಬಂದಿತ್ತು. ಈಗ ಅದು ಗೋಡೆಗೆ ಅಂಟಿಸಿದ್ದ 'ಸಾಹಿತ್ಯ ಮತ್ತು ಹಸಿವು' ಎಂಬ ವಿಚಾರ ಸಂಕಿರಣದ ಭಿತ್ತಿಪತ್ರವನ್ನು ಮೂಲೆಯಿಂದ ಸಾವಕಾಶವಾಗಿ ತಿನ್ನುತ್ತಿತ್ತು. ಬೆನೆಡಿಕ್ಟೆ ಕುರ್ಚಿಯೊಂದರ ಮೇಲೆ ಹತ್ತಿ ನಿಂತಿದ್ದಳು, ಹೆಲ್ಮೆಟ್ಟು ಇನ್ನೂ ತಲೆಯ ಮೇಲೇ ಇತ್ತು.

"ಮೋಸ! ಇದು ಮೋಸ! ಅವನು ಮೇಕೆ ತಂದಿದ್ದಾನೆ!" ಎಂದು ಅವಳು ಕೂಗುತ್ತಿದ್ದಳು.

"ತರಬಾರದು ಅಂತ ಎಲ್ಲಾದರೂ ಬರೆದಿದೆಯಾ?" ಟೋರ್ಕಿಲ್ ಮೇಕೆಯ ಹಿಂದೆ ಮಂಡಿಯೂರಿದ. ಮೇಕೆ ಒಂದೇ ಒಂದು ಸಲ ಕಾಲು ಝಾಡಿಸಿತು. ಮಧ್ಯಯುಗದ ಕಾವ್ಯದ ಪಂಡಿತ ನೀರಿನ ಯಂತ್ರದ ಪಕ್ಕದಲ್ಲಿ ಹೋಗಿ ಕೂತ.

ಆಗ ವಿಬೆಕೆ ತನ್ನ ಕೋಣೆಯಿಂದ ಹೊರಗೆ ಬಂದಳು. ಆಸ್ಗರ್ ಕಣ್ಣು ಮುಚ್ಚಿಕೊಂಡ. ಹುದ್ದೆ ಬೇಸಿಗೆಯವರೆಗೂ ಉಳಿಯುವುದಿಲ್ಲ, ಇವತ್ತೇ ಹೋಯಿತು.

ಕಣ್ಣು ತೆರೆದಾಗ ಮುಖ್ಯಸ್ಥೆ ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಅಂಗಿಯ ತೋಳು ಮಡಚಿಕೊಳ್ಳುತ್ತಿದ್ದಳು.

"ಎಲ್ರೂ ಸರೀರಿ. ಹಾಲು ಕರೆಯೋದಂತೆ! ಕಾಫಿ ಯಂತ್ರಕ್ಕೆ ನೀರು ಹಾಕೋಕೆ ಬರಲ್ಲ ನಿಮಗೆ." ಒಂದು ಕಪ್ಪು ತೆಗೆದುಕೊಂಡು ಕೂತಳು, ಮೇಕೆಯ ಬೆನ್ನು ಸವರಿದಳು, ಏನೋ ಮೆಲ್ಲಗೆ ಗುನುಗಿದಳು. ಸರ್ರನೆ ಹಾಲು ಬಿತ್ತು. "ಬೇಸಿಗೆ ರಜೆಯೆಲ್ಲ ಅಜ್ಜಿ ಮನೇಲಿ ಇದೇ ಕೆಲಸ ನಂಗೆ. ಆಸ್ಗರ್, ನನ್ನ ಹೆಸರು ಬರ್ಕೊ. ದೀಪಸ್ತಂಭಕ್ಕೆ ನಾನೇ ಹೋಗೋದು."

"ನೀನಾ?" ಬೆನೆಡಿಕ್ಟೆ ಕುರ್ಚಿಯ ಮೇಲಿಂದಲೇ ಚೀರಿದಳು. "ನಂಗೆ ಹೇಳಿದ್ದೇ ನೀನು!"

"ಹೇಳಿದ ಮೇಲೆ ನಂಗೂ ಆಸೆ ಆಯ್ತು. ತಪ್ಪಾ?"

ಮೂವರೂ ಒಟ್ಟಿಗೆ ಮಾತಾಡತೊಡಗಿದರು. ಆಸ್ಗರ್ ಗೋಡೆಗೆ ಒರಗಿ, ಇದ್ದ ದನಿಯನ್ನೆಲ್ಲ ಒಟ್ಟುಮಾಡಿ ಕೂಗಿದ:

"ದೀಪಸ್ತಂಭವೇ ಇಲ್ಲ! ದ್ವೀಪಾನೂ ಇಲ್ಲ! ಎಲ್ಲ ನಾನೇ ಹುಟ್ಟಿಸಿದ್ದು! ಯಾರೂ ಓದಲ್ಲ ಅಂತ ತೋರಿಸೋಕೆ ಹಾಕಿದ್ದೆ!"

ಮೂವರೂ ಅವನತ್ತ ನೋಡಿದರು. ಮೇಕೆ ಮಾತ್ರ ಭಿತ್ತಿಪತ್ರದಲ್ಲಿ 'ಹಸಿವು' ಎಂಬ ಪದದವರೆಗೆ ತಲುಪಿತ್ತು.

ವಿಬೆಕೆ ಹಾಲಿನ ಕಪ್ಪು ಕೆಳಗಿಟ್ಟಳು. ಅವಳ ತುಟಿಯ ಕೊನೆ ಅದುರಿತು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಹಾಗಾದ್ರೆ ಸೋತೆಯಲ್ಲೋ! ಇಡೀ ಕೇಂದ್ರವೇ ಓದಿದೆ!"

ಆಸ್ಗರ್‌ಗೆ ತಟ್ಟನೆ ಏನೋ ಹೊಳೆಯಿತು. "ಓದಿದ್ದಾರಾ? ಇರು. ಟೋರ್ಕಿಲ್, ನೀನು ಓದಿದ್ಯಾ?"

"ಗೋಡೆಯಾಚೆಯಿಂದ ಕೇಳಿಸ್ಕೊಂಡೆ ಅಂದ್ನಲ್ಲಯ್ಯ."

"ಬೆನೆಡಿಕ್ಟೆ, ನೀನು?"

"ವಿಬೆಕೆ ಹೇಳಿದ್ಲು."

"ವಿಬೆಕೆ?"

ಮುಖ್ಯಸ್ಥೆ ಕೆಮ್ಮಿದಳು. "ನಂಗೆ... ಲಿಫ್ಟಿನಲ್ಲಿ ಪ್ರೊಫೆಸರ್ ಎಬ್ಬೆ ಹೇಳಿದ್ರು. ಅರ್ಧ ಕೇಳಿಸ್ಕೊಳ್ಳೋ ಹೊತ್ತಿಗೆ ನನ್ನ ಮಹಡಿ ಬಂತು."

"ನೋಡಿ! ನೋಡಿ ಮತ್ತೆ! ಬರೆದ್ರೆ ವೇತನ ನಿಲ್ಲಿಸ್ತೀವಿ ಅಂತ ಅದರಲ್ಲಿದೆ, ಓದಿದ್ರೆ ಆಗಲೇ ನಗ್ತಿದ್ರಿ. ಒಬ್ಬರೂ ಓದಿಲ್ಲ! ಗೆದ್ದೆ!" ಆಸ್ಗರ್ ಸಂತೋಷ ತಡೆಯಲಾರದೆ ಮೇಕೆಯ ಕೊರಳು ತಬ್ಬಿಕೊಂಡ. ಅಡುಗೆ ಪುಸ್ತಕಗಳ ಐದನೆಯ ಅಧ್ಯಾಯ ಕಣ್ಣೆದುರು ಬಂದು ನಿಂತಿತು.

"ನಾನು ಓದಿದೆನಪ್ಪ."

ಎಲ್ಲರೂ ತಿರುಗಿದರು. ಎಂದೋ ನಿವೃತ್ತರಾದರೂ ದಿನಾ ಕಾಫಿಗೆ ತಪ್ಪದೆ ಬರುವ ಮುದಿ ಪ್ರೊಫೆಸರ್ ಎಬ್ಬೆ, ಕೋಲೂರಿ ಮೆಟ್ಟಿಲ ಬಳಿ ನಿಂತಿದ್ದರು.

"ಪ್ರತಿ ಶುಕ್ರವಾರ ಓದ್ತೀನಿ. ಮೊದಲಿಂದ ಕೊನೆವರೆಗೆ. ಆಮೇಲೆ ನನ್ನ ಹೆಂಡತಿಗೂ ಓದಿ ಹೇಳ್ತೀನಿ, ಅವಳು ಅಷ್ಟರಲ್ಲಿ ನಿದ್ದೆ ಹೋಗಿರ್ತಾಳೆ ಅನ್ನು. ಇವತ್ತಿನದಂತೂ ಅದ್ಭುತ. ನಕ್ಕೂ ನಕ್ಕೂ ಹಲ್ಲಿನ ಸೆಟ್ಟು ಗಂಜಿ ಬಟ್ಟಲಿಗೆ ಬಿತ್ತು. ಎಂಥ ತಮಾಷೆ ನೋಡು ಅಂತ ವಿಬೆಕೆಗೆ ಲಿಫ್ಟಿನಲ್ಲಿ ಹೇಳಿದೆ. ಅವಳು 'ತುಂಬ ಮುಖ್ಯ ವಿಷಯ' ಅಂತ ಇಳಿದುಹೋದ್ಲು!"

ಆಸ್ಗರ್ ಧೃತಿಗೆಡಲಿಲ್ಲ. "ಒಬ್ಬರು. ಇಷ್ಟು ದೊಡ್ಡ ಕೇಂದ್ರದಲ್ಲಿ ಒಬ್ಬರೇ ಒಬ್ಬರು, ಅದೂ ನಿವೃತ್ತರು! ವಿಬೆಕೆ, ಈಗಲಾದ್ರೂ ನಿಲ್ಲಿಸ್ತೀಯಾ?"

ವಿಬೆಕೆ ಮಾತ್ರ ಎಬ್ಬೆಯನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಒಂದು ಬಗೆಯ ಭಕ್ತಿ ಮೂಡಿತ್ತು.

"ನಿಲ್ಲಿಸೋದಾ? ಮೊದಲಿಂದ ಕೊನೆವರೆಗೆ ಓದೋ ಓದುಗ ಕಣೋ! ಓದಿ ಅರ್ಥ ಮಾಡ್ಕೊಂಡು ನಗೋ ಓದುಗ! ನನ್ನ ದೊಡ್ಡ ಗ್ರಂಥ ಹೊರಬಂದು ಎಷ್ಟು ಕಾಲವಾಯ್ತು, ಒಬ್ಬನಾದ್ರೂ ಹಾಗೆ ಓದಿದ್ದಾನಾ? ಬೆನೆಡಿಕ್ಟೆ, ನಿನಗೆ ಒಬ್ಬ ಇದ್ದಾನಾ?"

"ನನ್ನದನ್ನ ನಾನೇ ಓದಿಲ್ಲ," ಎಂದಳು ಬೆನೆಡಿಕ್ಟೆ ತಗ್ಗಿದ ದನಿಯಲ್ಲಿ.

"ನೋಡು. ನಮ್ಮೆಲ್ಲರ ಪೈಕಿ ಓದುಗ ಇರೋದು ನಿನಗೊಬ್ಬನಿಗೇ. ಅಂಥ ಪತ್ರಿಕೆ ನಿಲ್ಲಿಸಿದ್ರೆ ಪಾಪ ಬರತ್ತೆ."

ಎಬ್ಬೆ ಕೋಲಿನಿಂದ ನೆಲ ತಟ್ಟಿದರು. "ಒಂದೇ ತಕರಾರು. ವಾರಕ್ಕೊಂದು ಸಾಲಲ್ಲ. ಸೋಮವಾರದಿಂದ ಗುರುವಾರದವರೆಗೆ ನಾನೇನು ಮಾಡ್ಲಿ?"

"ಸರಿಯಾಗಿ ಹೇಳಿದ್ರಿ," ಎಂದಳು ವಿಬೆಕೆ. "ಆಸ್ಗರ್, ಮುಂದಿನ ವಾರದಿಂದ ಮಂಗಳವಾರವೂ ತಾ. ಅಕ್ಷರ ದಪ್ಪ ಇರ್ಲಿ. ಪುಸ್ತಕ ಮುಗಿಸೋಕೆ ಇನ್ನೊಂದು ವರ್ಷ ನಾನು ಕೊಡಿಸ್ತೀನಿ, ಅಳ್ಬೇಡ. ಈಗ ಹೋಗು, ತಪ್ಪು ಮಾಡಿದವನು ಕೇಕ್ ತರಬೇಕು, ಗೊತ್ತಲ್ಲ?"

ಹಾಗೆಂದು ಆ ಊರಿನಲ್ಲಿ ನಿಯಮ. ಬೇಕರಿಯಿಂದ ಆಸ್ಗರ್ ಕಂದು ಸಕ್ಕರೆ ಜಿನುಗುವ ಬ್ರುನ್ಸ್‌ವಿಗರ್ ಕೇಕ್ ತಂದ. ಮೇಕೆಯ ಬಿಸಿ ಹಾಲನ್ನು ಕಾಫಿಗೆ ಹಾಕಿದರು. ಬೆನೆಡಿಕ್ಟೆ ಕೊನೆಗೂ ಕುರ್ಚಿಯಿಂದ ಇಳಿದು, ತನ್ನ ಪಾಲಿನ ಕೇಕಿನ ಅಂಚನ್ನು ಮೇಕೆಗೆ ತಿನ್ನಿಸುವಷ್ಟು ಧೈರ್ಯವಂತೆಯಾದಳು. ಎಬ್ಬೆ ಪ್ರಕಟಣೆಯನ್ನು ಗಟ್ಟಿಯಾಗಿ ಓದಿದರು, ಎಲ್ಲರೂ ಮೊದಲ ಸಲ ಕೇಳಿ ಬಿದ್ದು ಬಿದ್ದು ನಕ್ಕರು. ಇನ್ನು ಮೇಲೆ ಒಂದಕ್ಷರ ಬಿಡದೆ ಓದುತ್ತೇವೆ ಎಂದು ಆಣೆ ಮಾಡಿದರು. ವಾರದಲ್ಲಿ ಇನ್ನೆರಡು ದಿನ ಕಳೆದುಕೊಂಡ ಆಸ್ಗರ್‌ಗೂ, ಯಾಕೋ ಏನೋ, ಅಳುವುದಕ್ಕೆ ಆಗಲಿಲ್ಲ.

ಗದ್ದಲದ ನಡುವೆ ಟೋರ್ಕಿಲ್ ಅವನ ಕಿವಿಯ ಹತ್ತಿರ ಬಾಗಿದ. ಗಡ್ಡದ ತುಂಬ ಸಕ್ಕರೆ.

"ತುಂಬ ಚೆನ್ನಾಗಿ ಬರ್ದಿದ್ದೀಯ ಕಣಯ್ಯ. ಬಿಡದೆ ಓದ್ತೀನಿ. ಅಂದ ಹಾಗೆ, ಈ ಪತ್ರಿಕೆ ಎಲ್ಲಿ ಸಿಗತ್ತೆ?"

"ನಿನ್ನ ಮೇಲ್‌ನಲ್ಲಿ," ಎಂದ ಆಸ್ಗರ್.

"ಓ, ಅದಾ?" ಟೋರ್ಕಿಲ್ ಮುಖ ಸಪ್ಪಗೆ ಮಾಡಿಕೊಂಡ. "ಅದನ್ನ ಯಾರು ಓದ್ತಾರಯ್ಯ?"